ಪ್ರನಾಳದಲ್ಲಿ ನಿಧಾನ, ರಕ್ತನಾಳದಲ್ಲಿ ಅವಸರ: ವೈರಸ್ ಸೋಂಕಿನ ರೋಗಿಗಳಲ್ಲಿ ಕಾಣುವ ಸ್ವಪ್ರತಿಕಾಯಗಳು

ವೈರಸ್ ಸೋಂಕಿನಿಂದ ಆಸ್ಪತ್ರೆ ಸೇರಿದ ರೋಗಿಯೊಬ್ಬರ ತೋಳಿನಿಂದ ತೆಗೆದ ರಕ್ತ, ತಿಳಿನೀಲಿ ಮುಚ್ಚಳದ ಪುಟ್ಟ ಕೊಳವೆಯಲ್ಲಿ ಪ್ರಯೋಗಾಲಯಕ್ಕೆ ಬರುತ್ತದೆ. ಕೊಳವೆಯಲ್ಲಿ ಮೊದಲೇ ಹಾಕಿಟ್ಟಿರುವ ಸೋಡಿಯಂ ಸಿಟ್ರೇಟ್ ರಕ್ತದೊಳಗಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತ ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿದಿರುತ್ತದೆ. ತಂತ್ರಜ್ಞರು ಅದನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಕಣಗಳೆಲ್ಲ ತಳಕ್ಕಿಳಿದ ನಂತರ ಮೇಲೆ ನಿಲ್ಲುವ ಹಳದಿ ಛಾಯೆಯ ಪ್ಲಾಸ್ಮಾವನ್ನು ಬೇರ್ಪಡಿಸುತ್ತಾರೆ. ಅದಕ್ಕೆ ಒಂದಿಷ್ಟು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ವಸ್ತುವನ್ನೂ ಕ್ರಿಯೆಗೆ ಚಾಲನೆ ಕೊಡುವ ಪುಡಿಯೊಂದನ್ನೂ ಬೆರೆಸಿ, ಕೊನೆಗೆ ಕ್ಯಾಲ್ಸಿಯಂ ಹಾಕಿದ ಕ್ಷಣದಿಂದ ಸೆಕೆಂಡುಗಳನ್ನು ಎಣಿಸಲಾಗುತ್ತದೆ. ಎಪಿಟಿಟಿ ಎಂದು ಕರೆಯುವ ಈ ಪರೀಕ್ಷೆಯಲ್ಲಿ ಆರೋಗ್ಯವಂತರ ಪ್ಲಾಸ್ಮಾ ಸುಮಾರು 25ರಿಂದ 35 ಸೆಕೆಂಡುಗಳೊಳಗೆ ಹೆಪ್ಪಾಗುತ್ತದೆ. ಈ ರೋಗಿಯ ಪ್ಲಾಸ್ಮಾ 35 ದಾಟಿ, 40 ದಾಟಿ, 50ರ ಹತ್ತಿರ ಬಂದರೂ ನೀರಿನಂತೆಯೇ ಇರುತ್ತದೆ. ಮೇಲುನೋಟಕ್ಕೆ ಈ ವರದಿಯ ಅರ್ಥ ಸ್ಪಷ್ಟ: ರೋಗಿಗೆ ರಕ್ತಸ್ರಾವದ ಅಪಾಯವಿದೆ, ಹೆಪ್ಪು ತಡೆಯುವ ಔಷಧದ ತಂಟೆಗೆ ಹೋಗಬಾರದು. ಆದರೆ ಅದೇ ಹೊತ್ತಿನಲ್ಲಿ ಆ ರೋಗಿಯ ಕಾಲಿನ ಅಭಿಧಮನಿಯಲ್ಲೋ ಶ್ವಾಸಕೋಶದ ಅಪಧಮನಿಯಲ್ಲೋ ಹೆಪ್ಪು ಬೆಳೆಯುತ್ತಿರಬಹುದು.

ಕೋವಿಡ್ ಸಾಂಕ್ರಾಮಿಕದ ಮೊದಲ ಅಲೆಯಲ್ಲಿ, 2020ರಲ್ಲಿ, ಲಂಡನ್ನಿನ ವೈದ್ಯರ ತಂಡವೊಂದು ಇಂಥ ವರದಿಗಳ ಬೆನ್ನುಹತ್ತಿತು. ಅವರು ಪರಿಶೀಲಿಸಿದ 216 ರೋಗಿಗಳಲ್ಲಿ 44 ಮಂದಿಯ ಎಪಿಟಿಟಿ ವಾಡಿಕೆಗಿಂತ ಹೆಚ್ಚು ಸಮಯ ತೆಗೆದುಕೊಂಡಿತ್ತು. ಅಂಥವರ ಪೈಕಿ ಮುಂದಿನ ಪರೀಕ್ಷೆಗೆ ಒಳಪಟ್ಟ 34 ಮಂದಿಯಲ್ಲಿ 31 ಮಂದಿಗೆ, ಅಂದರೆ ನೂರಕ್ಕೆ 91ರಷ್ಟು ಜನಕ್ಕೆ, ಲೂಪಸ್ ಆಂಟಿಕೊಯಾಗುಲೆಂಟ್ ಎಂಬ ವಸ್ತು ರಕ್ತದಲ್ಲಿತ್ತು. ಆಂಟಿಕೊಯಾಗುಲೆಂಟ್ ಎಂದರೆ ಹೆಪ್ಪುಗಟ್ಟುವುದನ್ನು ತಡೆಯುವಂಥದ್ದು. ವೈದ್ಯಶಾಸ್ತ್ರದಲ್ಲಿ ಇದಕ್ಕಿಂತ ದಾರಿ ತಪ್ಪಿಸುವ ಹೆಸರು ಇನ್ನೊಂದು ಇರಲಾರದು. ಈ ವಸ್ತು ಇರುವ ಬಹುಪಾಲು ಜನರಿಗೆ ಲೂಪಸ್ (ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ) ಇರುವುದಿಲ್ಲ, ಮತ್ತು ದೇಹದೊಳಗೆ ಅದು ಹೆಪ್ಪನ್ನು ತಡೆಯುವುದಿರಲಿ, ಪ್ರಚೋದಿಸುತ್ತದೆ.

ಈ ವಸ್ತು ನಿಜಕ್ಕೂ ಒಂದು ಪ್ರತಿಕಾಯ, ಅಥವಾ ಪ್ರತಿಕಾಯಗಳ ಒಂದು ಗುಂಪು. ಹೊರಗಿನಿಂದ ಬಂದ ವೈರಸ್ಸನ್ನೋ ಬ್ಯಾಕ್ಟೀರಿಯವನ್ನೋ ಗುರುತಿಸಿ ಅಂಟಿಕೊಳ್ಳಬೇಕಾದ ಪ್ರತಿಕಾಯ ದೇಹದ ಸ್ವಂತ ಅಂಗಾಂಶಕ್ಕೆ ಅಂಟಿಕೊಂಡಾಗ ಅದನ್ನು ಸ್ವಪ್ರತಿಕಾಯ ಎನ್ನುತ್ತಾರೆ. ನಮ್ಮ ವಿಷಯದ ಸ್ವಪ್ರತಿಕಾಯಗಳಿಗೆ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳೆಂದು ಹೆಸರು. ಪ್ರಯೋಗಾಲಯದಲ್ಲಿ ಇವುಗಳನ್ನು ಮೂರು ಬಗೆಯಲ್ಲಿ ಹುಡುಕುತ್ತಾರೆ: ಕಾರ್ಡಿಯೋಲಿಪಿನ್ ಎಂಬ ಫಾಸ್ಫೋಲಿಪಿಡ್ ವಿರುದ್ಧದ ಪ್ರತಿಕಾಯ, ಬೀಟಾ-2 ಗ್ಲೈಕೋಪ್ರೋಟೀನ್-1 ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯ, ಮತ್ತು ಹೆಪ್ಪುಗಟ್ಟುವ ಸಮಯವನ್ನು ಅಳೆದು ಪರೋಕ್ಷವಾಗಿ ಪತ್ತೆಹಚ್ಚುವ ಲೂಪಸ್ ಆಂಟಿಕೊಯಾಗುಲೆಂಟ್. ಮೊದಲಿನ ಎರಡರಲ್ಲಿ ಪ್ರತಿಕಾಯದ ಪ್ರಮಾಣ ತಿಳಿಯುತ್ತದೆ. ಮೂರನೆಯದರಲ್ಲಿ ಅದು ಮಾಡುವ ಕೆಲಸ ಕಣ್ಣಿಗೆ ಬೀಳುತ್ತದೆ.

ಇವುಗಳ ಪರಿಚಯವೇ ಒಂದು ತಪ್ಪು ಫಲಿತಾಂಶದಿಂದ ಆದದ್ದು. 1906ರಲ್ಲಿ ವಾಸರ್‌ಮನ್ ಮತ್ತು ಸಂಗಡಿಗರು ಸಿಫಿಲಿಸ್ ಕಾಯಿಲೆಗೆ ರಕ್ತಪರೀಕ್ಷೆಯನ್ನು ರೂಪಿಸಿದರು. ಆ ಪರೀಕ್ಷೆಯಲ್ಲಿ ರೋಗಿಯ ರಕ್ತ ಪ್ರತಿಕ್ರಿಯಿಸುತ್ತಿದ್ದುದು ಯಾವ ವಸ್ತುವಿಗೆ ಎಂಬುದು ಬಹುಕಾಲ ತಿಳಿದಿರಲಿಲ್ಲ. 1941ರಲ್ಲಿ ಮೇರಿ ಪಾಂಗ್‌ಬೋರ್ನ್ ಅದನ್ನು ದನದ ಹೃದಯದಿಂದ ಶುದ್ಧರೂಪದಲ್ಲಿ ಬೇರ್ಪಡಿಸಿ, ಹೃದಯದಿಂದ ಸಿಕ್ಕಿದ್ದರಿಂದ ಕಾರ್ಡಿಯೋಲಿಪಿನ್ ಎಂದು ಹೆಸರಿಟ್ಟರು. ಸಿಫಿಲಿಸ್ ಪರೀಕ್ಷೆಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸತೊಡಗಿದಾಗ ಕಾಯಿಲೆಯ ಸುಳಿವೇ ಇಲ್ಲದ ಕೆಲವರ ರಕ್ತವೂ ಪಾಸಿಟಿವ್ ಎಂದು ಬರತೊಡಗಿತು. ಅವರಲ್ಲಿ ಎರಡು ಗುಂಪುಗಳು ಕಂಡವು. ಒಂದು ಗುಂಪಿನವರಿಗೆ ಇತ್ತೀಚೆಗೆ ಯಾವುದೋ ಸೋಂಕು ಬಂದು ಹೋಗಿತ್ತು, ಕೆಲವು ತಿಂಗಳುಗಳಲ್ಲಿ ಪರೀಕ್ಷೆ ತಾನಾಗಿ ನೆಗೆಟಿವ್ ಆಗುತ್ತಿತ್ತು. ಇನ್ನೊಂದು ಗುಂಪಿನವರಲ್ಲಿ ವರ್ಷಗಟ್ಟಲೆ ಪಾಸಿಟಿವ್ ಆಗಿಯೇ ಉಳಿಯುತ್ತಿತ್ತು, ಮತ್ತು ಅವರಲ್ಲಿ ಹಲವರಿಗೆ ಮುಂದೆ ಲೂಪಸ್ ಕಾಣಿಸಿಕೊಳ್ಳುತ್ತಿತ್ತು. ಬಂದು ಹೋಗುವ ಪ್ರತಿಕಾಯ ಮತ್ತು ನೆಲೆನಿಲ್ಲುವ ಪ್ರತಿಕಾಯ ಎಂಬ ಈ ಹಳೆಯ ವಿಂಗಡಣೆ, ಹಲವು ದಶಕಗಳ ನಂತರ ಕೋವಿಡ್ ವಾರ್ಡುಗಳಲ್ಲಿ ಎದ್ದ ವಾದವಿವಾದದ ತಿರುಳು ಕೂಡ ಹೌದು. ಇದನ್ನು ಮರೆತು ಬರೆದ ಎಷ್ಟೋ ಸುದ್ದಿಗಳು ಓದುಗರನ್ನು ಅನಗತ್ಯವಾಗಿ ಗಾಬರಿಗೊಳಿಸಿದವು.

ಲೂಪಸ್ ರೋಗಿಗಳ ಪ್ಲಾಸ್ಮಾ ಪ್ರನಾಳದಲ್ಲಿ ತಡವಾಗಿ ಹೆಪ್ಪುಗಟ್ಟುತ್ತದೆ ಎಂಬುದನ್ನು 1952ರಲ್ಲಿ ಕಾನ್ಲೀ ಮತ್ತು ಹಾರ್ಟ್‌ಮನ್ ವರದಿ ಮಾಡಿದರು. 1972ರಲ್ಲಿ ಅದಕ್ಕೆ ಲೂಪಸ್ ಆಂಟಿಕೊಯಾಗುಲೆಂಟ್ ಎಂಬ ಹೆಸರು ಅಂಟಿಕೊಂಡಿತು. ಇಷ್ಟರಲ್ಲಿ ಈ ರೋಗಿಗಳಿಗೆ ರಕ್ತಸ್ರಾವಕ್ಕಿಂತ ಹೆಪ್ಪಿನ ತೊಂದರೆಯೇ ಹೆಚ್ಚು ಎಂಬುದು ಅಲ್ಲಲ್ಲಿ ಗಮನಕ್ಕೆ ಬರತೊಡಗಿತ್ತು. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ಈ ಪ್ರತಿಕಾಯಗಳು, ಮತ್ತೆಮತ್ತೆ ಬರುವ ಹೆಪ್ಪು ಮತ್ತು ಪದೇಪದೇ ಆಗುವ ಗರ್ಭಪಾತ ಇವೆಲ್ಲವನ್ನೂ ಒಂದೇ ಕಾಯಿಲೆಯ ಲಕ್ಷಣಗಳಾಗಿ ಕಂಡರು. ಇಂದು ಅದನ್ನು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎನ್ನುತ್ತಾರೆ.

ಇನ್ನು ಆರಂಭದಲ್ಲಿ ಕಂಡ ವಿರೋಧಾಭಾಸವನ್ನು ಬಿಡಿಸಬಹುದು. ನಮ್ಮ ಪ್ರತಿಯೊಂದು ಜೀವಕೋಶದ ಹೊರಪೊರೆಯೂ ಎರಡು ಪದರಗಳ ಫಾಸ್ಫೋಲಿಪಿಡ್‌ನಿಂದ ಆಗಿದೆ. ಈ ಪದರಗಳಲ್ಲಿ ಫಾಸ್ಫಟಿಡೈಲ್‌ಸೆರೀನ್ ಎಂಬ ಬಗೆಯದು ಸಾಮಾನ್ಯವಾಗಿ ಒಳಪದರದಲ್ಲೇ ಅಡಗಿರುತ್ತದೆ. ಪ್ಲೇಟ್‌ಲೆಟ್ ಕೆರಳಿದಾಗ ಅಥವಾ ಜೀವಕೋಶ ಸಾಯತೊಡಗಿದಾಗ ಪೊರೆ ಒಳಹೊರಗಾಗಿ ಅದು ಮೇಲ್ಮೈಗೆ ಬರುತ್ತದೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ರಕ್ತದಲ್ಲಿ ಸುಮ್ಮನೆ ಅಲೆಯುತ್ತಿರುವಾಗ ಪರಸ್ಪರ ಸಂಧಿಸುವುದು ಅಪರೂಪ. ಹೊರಬಂದ ಈ ಪೊರೆಯ ಮೇಲೆ ಅವು ಒಟ್ಟಾಗಿ ಕೂರುತ್ತವೆ, ಒಂದನ್ನೊಂದು ಎಚ್ಚರಿಸುತ್ತವೆ, ಕೊನೆಗೆ ಥ್ರಾಂಬಿನ್ ಎಂಬ ಕಿಣ್ವ ಹುಟ್ಟಿ ಫೈಬ್ರಿನ್ ಎಳೆಗಳ ಬಲೆಯನ್ನು ನೇಯುತ್ತದೆ. ಪ್ರನಾಳದ ಪರೀಕ್ಷೆಯಲ್ಲಿ ನಾವು ಹಾಕುವ ಫಾಸ್ಫೋಲಿಪಿಡ್ ಈ ಪೊರೆಯ ಬದಲಿ. ರೋಗಿಯ ಪ್ಲಾಸ್ಮಾದಲ್ಲಿರುವ ಪ್ರತಿಕಾಯಗಳು, ತಾವು ಹಿಡಿದುಕೊಂಡ ಪ್ರೋಟೀನುಗಳ ಸಮೇತ, ಆ ಕೃತಕ ಮೇಲ್ಮೈಯನ್ನು ಆಕ್ರಮಿಸಿಕೊಂಡರೆ ಹೆಪ್ಪಿನ ಪ್ರೋಟೀನುಗಳಿಗೆ ಕೂರಲು ಜಾಗ ಸಾಲದು. ಹಾಗಾಗಿ ಸಮಯ ಉದ್ದವಾಗುತ್ತದೆ. ಪ್ರನಾಳದಲ್ಲಿ ರಕ್ತನಾಳದ ಗೋಡೆಯಿಲ್ಲ, ಪ್ಲೇಟ್‌ಲೆಟ್ ಇಲ್ಲ, ಬಿಳಿ ರಕ್ತಕಣವಿಲ್ಲ. ದೇಹದಲ್ಲಿ ಇವೆಲ್ಲ ಇವೆ, ಮತ್ತು ಪ್ರತಿಕಾಯಗಳು ಕೆರಳಿಸುವುದು ಇವುಗಳನ್ನೇ.

ಪ್ರಯೋಗಾಲಯ ಈ ಪ್ರತಿಕಾಯವನ್ನು ಖಚಿತಪಡಿಸಿಕೊಳ್ಳುವ ಬಗೆ ಸ್ವಾರಸ್ಯಕರವಾಗಿದೆ. ಮೊದಲು ರೋಗಿಯ ಪ್ಲಾಸ್ಮಾಕ್ಕೆ ಅಷ್ಟೇ ಪ್ರಮಾಣದ ಆರೋಗ್ಯವಂತರ ಪ್ಲಾಸ್ಮಾವನ್ನು ಬೆರೆಸುತ್ತಾರೆ. ಹೆಪ್ಪಿನ ಯಾವುದೋ ಪ್ರೋಟೀನಿನ ಕೊರತೆಯಿಂದ ತಡವಾಗುತ್ತಿದ್ದರೆ ಬೆರೆಸಿದ ಪ್ಲಾಸ್ಮಾ ಆ ಕೊರತೆಯನ್ನು ತುಂಬಿ ಸಮಯ ಸರಿಹೋಗುತ್ತದೆ. ಅಡ್ಡಿಪಡಿಸುವ ವಸ್ತುವೇ ಇದ್ದರೆ ಎಷ್ಟು ಬೆರೆಸಿದರೂ ತಡ ಹಾಗೆಯೇ ಉಳಿಯುತ್ತದೆ. ಇನ್ನೊಂದು ಪರೀಕ್ಷೆಯಲ್ಲಿ ಕೊಳಕುಮಂಡಲ ಹಾವಿನ ವಿಷವನ್ನು ತೀರಾ ತೆಳುವಾಗಿಸಿ ಬಳಸುತ್ತಾರೆ. ಈ ವಿಷ ಹೆಪ್ಪಿನ ಸರಣಿಯ ಹತ್ತನೆಯ ಘಟಕವನ್ನು ನೇರವಾಗಿ ಎಬ್ಬಿಸುವುದರಿಂದ ಸರಣಿಯ ಮೇಲಿನ ಮೆಟ್ಟಿಲುಗಳ ದೋಷ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಸಲ ಫಾಸ್ಫೋಲಿಪಿಡ್ ಅನ್ನು ಕಡಿಮೆ ಹಾಕಿ, ಎರಡನೆಯ ಸಲ ಧಾರಾಳವಾಗಿ ಹಾಕಿ ಸಮಯವನ್ನು ಹೋಲಿಸುತ್ತಾರೆ. ಫಾಸ್ಫೋಲಿಪಿಡ್ ಹೆಚ್ಚಿಸಿದ ಕೂಡಲೇ ಸಮಯ ಸುಧಾರಿಸಿದರೆ, ಅಡ್ಡಿಯಾಗಿದ್ದ ಪ್ರತಿಕಾಯದ ಗುರಿ ಅದೇ ಎಂಬುದು ಸಿದ್ಧವಾದಂತೆ. ಹೆಪ್ಪುಗಟ್ಟಿಸುವ ವಿಷವೊಂದು ಹೆಪ್ಪಿನ ಕಾಯಿಲೆಯ ಗುಟ್ಟನ್ನು ಹೊರಗೆಡಹುತ್ತದೆ ಎಂಬುದು ನನಗೆ ಪ್ರತಿಬಾರಿಯೂ ಬೆರಗು ಹುಟ್ಟಿಸುವ ಸಂಗತಿ.

ಫಾಸ್ಫೋಲಿಪಿಡ್ ವಿರುದ್ಧದ ಪ್ರತಿಕಾಯ ಎಂಬ ಹೆಸರು ಕೂಡ ಪೂರ್ತಿ ಸರಿಯಲ್ಲ. ಅಪಾಯಕಾರಿಯಾದ ಪ್ರತಿಕಾಯಗಳು ಅಂಟಿಕೊಳ್ಳುವುದು ಕೊಬ್ಬಿಗಿಂತ ಹೆಚ್ಚಾಗಿ ಅದರ ಮೇಲೆ ಕೂತ ಪ್ರೋಟೀನುಗಳಿಗೆ ಎಂಬುದು 1990ರ ಸುಮಾರಿಗೆ ತಿಳಿಯಿತು. ಬೀಟಾ-2 ಗ್ಲೈಕೋಪ್ರೋಟೀನ್-1 ಅವುಗಳಲ್ಲಿ ಮುಖ್ಯವಾದದ್ದು. ಇದು ಐದು ಮಣಿಗಳ ಸರದಂತಿದ್ದು, ರಕ್ತದಲ್ಲಿ ಓಡಾಡುವಾಗ ಬಳೆಯಂತೆ ಸುತ್ತಿಕೊಂಡಿರುತ್ತದೆ. ಐದನೆಯ ಮಣಿ ಪೊರೆಗೆ ಕಚ್ಚಿಕೊಂಡಾಗ ಸುತ್ತು ಬಿಚ್ಚಿ, ಅಲ್ಲಿಯವರೆಗೆ ಮರೆಯಾಗಿದ್ದ ಮೊದಲನೆಯ ಮಣಿ ಹೊರಚಾಚುತ್ತದೆ. ಹೆಪ್ಪಿನೊಂದಿಗೆ ಹೆಚ್ಚು ನಂಟಿರುವ ಪ್ರತಿಕಾಯಗಳು ಆ ಮೊದಲನೆಯ ಮಣಿಯನ್ನೇ ಗುರಿಯಾಗಿಸಿಕೊಳ್ಳುತ್ತವೆ. ಇನ್ನೊಂದು ಮುಖ್ಯ ಗುರಿ ಥ್ರಾಂಬಿನ್ನಿನ ಪೂರ್ವರೂಪವಾದ ಪ್ರೋಥ್ರಾಂಬಿನ್, ಅದರಲ್ಲೂ ಫಾಸ್ಫಟಿಡೈಲ್‌ಸೆರೀನ್ ಜೊತೆ ಕೂಡಿಕೊಂಡ ಪ್ರೋಥ್ರಾಂಬಿನ್.

ಅಂಟಿಕೊಂಡ ಪ್ರತಿಕಾಯ ಮುಂದೇನು ಮಾಡುತ್ತದೆ? ರಕ್ತನಾಳದ ಒಳಗೋಡೆಯ ಜೀವಕೋಶಗಳು ಸಾಮಾನ್ಯವಾಗಿ ನುಣುಪಾಗಿದ್ದು ಹೆಪ್ಪನ್ನು ಹತ್ತಿರ ಸೇರಿಸುವುದಿಲ್ಲ. ಪ್ರತಿಕಾಯ ತಾಗಿದಾಗ ಅವು ಅಂಟುಗುಣದ ಅಣುಗಳನ್ನು ಹೊರಚಾಚುತ್ತವೆ, ಹೆಪ್ಪಿಗೆ ಚಾಲನೆ ಕೊಡುವ ಟಿಶ್ಯೂ ಫ್ಯಾಕ್ಟರನ್ನು ಹೊರಹಾಕುತ್ತವೆ. ಪ್ಲೇಟ್‌ಲೆಟ್‌ಗಳು ಸುಲಭವಾಗಿ ಕೆರಳುತ್ತವೆ. ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳ ಸಾಲು ಎಚ್ಚೆತ್ತು ಉರಿಯೂತವನ್ನು ಹೆಚ್ಚಿಸುತ್ತದೆ. ಇವೆಲ್ಲಕ್ಕಿಂತ ಈಚಿನ ವರ್ಷಗಳಲ್ಲಿ ಹೆಚ್ಚು ಗಮನ ಸೆಳೆದಿರುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ವರ್ತನೆ. ಈ ಕಣ ಬ್ಯಾಕ್ಟೀರಿಯವನ್ನು ನುಂಗುವುದಷ್ಟೇ ಅಲ್ಲದೆ, ಕೆಲವೊಮ್ಮೆ ತನ್ನ ಕೋಶಕೇಂದ್ರದಲ್ಲಿರುವ ಡಿಎನ್ಎಯನ್ನೇ ಬಿಚ್ಚಿ, ಕಿಣ್ವಗಳನ್ನು ಮೆತ್ತಿ, ಬಲೆಯಂತೆ ಹೊರಕ್ಕೆ ಬೀಸುತ್ತದೆ ಎಂಬುದನ್ನು 2004ರಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ತೋರಿಸಿದರು. ಬ್ಯಾಕ್ಟೀರಿಯ ಹಿಡಿಯಲೆಂದು ಬೀಸಿದ ಬಲೆಯಲ್ಲಿ ಪ್ಲೇಟ್‌ಲೆಟ್‌ಗಳೂ ಕೆಂಪು ರಕ್ತಕಣಗಳೂ ಸಿಕ್ಕಿಬೀಳುತ್ತವೆ, ಹೆಪ್ಪಿನ ಪ್ರೋಟೀನುಗಳು ಅಲ್ಲಿಯೇ ಎಚ್ಚರಗೊಳ್ಳುತ್ತವೆ. ಅಗಲವಾದ ರಕ್ತನಾಳದಲ್ಲಿ ಇದು ಹೆಪ್ಪಿಗೆ ಹಂದರವಾಗುತ್ತದೆ; ಕಿರಿದಾದ ಲೋಮನಾಳದಲ್ಲಿ ಬಲೆಯೊಂದೇ ದಾರಿ ಮುಚ್ಚಲು ಸಾಕು.

ಆದರೂ ಪ್ರತಿಕಾಯ ಇದ್ದವರಿಗೆಲ್ಲ ಹೆಪ್ಪಾಗುವುದಿಲ್ಲ. ಆರೋಗ್ಯವಂತರಲ್ಲಿಯೂ ನೂರಕ್ಕೆ ಒಂದರಿಂದ ಐದು ಮಂದಿಯಲ್ಲಿ ಈ ಪ್ರತಿಕಾಯಗಳು ಕಂಡುಬರುತ್ತವೆ ಮತ್ತು ಅವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಯಾವ ತೊಂದರೆಯೂ ಆಗುವುದಿಲ್ಲ. ಪ್ರತಿಕಾಯವನ್ನು ಮೊದಲ ಏಟು ಎಂದು ಭಾವಿಸಿದರೆ, ಹೆಪ್ಪಾಗಲು ಎರಡನೆಯ ಏಟೊಂದು ಬೀಳಬೇಕು: ಶಸ್ತ್ರಚಿಕಿತ್ಸೆ, ದೀರ್ಘಕಾಲ ಹಾಸಿಗೆ ಹಿಡಿಯುವುದು, ಅಥವಾ ಸೋಂಕು. ತೀವ್ರ ವೈರಸ್ ಸೋಂಕಿನಲ್ಲಿ ಎರಡೂ ಏಟುಗಳು ಒಟ್ಟಿಗೆ ಬೀಳುವುದರಿಂದ, ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಕೋವಿಡ್ ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಮುಂದಿಟ್ಟಿತು. 2020ರ ಏಪ್ರಿಲ್‌ನಲ್ಲಿ ನೆದರ್‌ಲೆಂಡ್ಸ್‌ನಿಂದ ಬಂದ ವರದಿಯೊಂದರಲ್ಲಿ, ತೀವ್ರ ನಿಗಾ ಘಟಕದಲ್ಲಿದ್ದ 184 ಕೋವಿಡ್ ರೋಗಿಗಳಲ್ಲಿ ಹೆಪ್ಪಿನ ತೊಡಕುಗಳ ಪ್ರಮಾಣ ನೂರಕ್ಕೆ 31ರಷ್ಟಿತ್ತು. ಅವರೆಲ್ಲರಿಗೂ ಹೆಪ್ಪು ತಡೆಯುವ ಔಷಧವನ್ನು ಕನಿಷ್ಠ ವಾಡಿಕೆಯ ಪ್ರಮಾಣದಲ್ಲಿ ಕೊಡಲಾಗಿತ್ತು ಎಂಬುದನ್ನು ಗಮನಿಸಬೇಕು. ಅದೇ ತಿಂಗಳು ವುಹಾನ್‌ನ ವೈದ್ಯರು ಮೂವರು ರೋಗಿಗಳ ವಿವರ ಪ್ರಕಟಿಸಿದರು. ಮೂವರ ಮೆದುಳಿನಲ್ಲಿಯೂ ರಕ್ತಸಂಚಾರ ನಿಂತು ಹಲವು ಭಾಗಗಳು ಹಾನಿಗೊಂಡಿದ್ದವು, ಅವರಲ್ಲಿ 69 ವರ್ಷದ ಒಬ್ಬರ ಕಾಲುಗಳಿಗೂ ಕೈಬೆರಳುಗಳಿಗೂ ರಕ್ತದ ಹರಿವು ಕುಂದಿತ್ತು. ಮೂವರ ರಕ್ತದಲ್ಲಿಯೂ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳಿದ್ದವು. ಕುತೂಹಲದ ಸಂಗತಿಯೆಂದರೆ ಆ ಮೂವರಲ್ಲಿ ಯಾರಿಗೂ ಲೂಪಸ್ ಆಂಟಿಕೊಯಾಗುಲೆಂಟ್ ಪತ್ತೆಯಾಗಲಿಲ್ಲ, ಲಂಡನ್ನಿನಲ್ಲಿ ಎದ್ದು ಕಂಡದ್ದು ಅದೇ.

ಮೂವರ ಕತೆಯಿಂದ ಏನನ್ನೂ ಸಾಧಿಸಲಾಗದು. ಹೆಚ್ಚು ಗಟ್ಟಿಯಾದ ಕೆಲಸ 2020ರ ನವೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡದಿಂದ ಬಂದಿತು. ಕೋವಿಡ್‌ನಿಂದ ಆಸ್ಪತ್ರೆಯಲ್ಲಿದ್ದ 172 ಮಂದಿಯ ಸೀರಮ್‌ನಲ್ಲಿ (ರಕ್ತ ಹೆಪ್ಪಾದ ಮೇಲೆ ಉಳಿಯುವ ತಿಳಿದ್ರವದಲ್ಲಿ) ಅವರು ಎಂಟು ಬಗೆಯ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳನ್ನು ಅಳೆದರು. ಪರೀಕ್ಷೆಯ ಕಿಟ್ ತಯಾರಿಸಿದ ಕಂಪನಿ ಸೂಚಿಸಿದ ಮಿತಿಯನ್ನು ಅನುಸರಿಸಿದರೆ ನೂರಕ್ಕೆ 52 ಮಂದಿಯಲ್ಲಿ ಯಾವುದಾದರೊಂದು ಪ್ರತಿಕಾಯ ಇತ್ತು. ಮಿತಿಯನ್ನು 40 ಯೂನಿಟ್‌ಗೆ ಏರಿಸಿ ಬಿಗಿಗೊಳಿಸಿದಾಗ ಆ ಸಂಖ್ಯೆ ನೂರಕ್ಕೆ 30ಕ್ಕೆ ಇಳಿಯಿತು. ಇವುಗಳಲ್ಲಿ ಮೊದಲನೆಯದು ತಲೆಬರಹಗಳಿಗೆ ಹೋಯಿತು, ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಅರ್ಥಪೂರ್ಣ. ಪ್ರತಿಕಾಯದ ಪ್ರಮಾಣ ಹೆಚ್ಚಿದ್ದವರಲ್ಲಿ ನ್ಯೂಟ್ರೋಫಿಲ್‌ಗಳು ಹೆಚ್ಚು ಕೆರಳಿದ್ದವು, ಅವುಗಳ ಬಲೆಯ ಅವಶೇಷಗಳು ರಕ್ತದಲ್ಲಿ ಹೆಚ್ಚಾಗಿದ್ದವು, ಪ್ಲೇಟ್‌ಲೆಟ್ ಸಂಖ್ಯೆ ಮೇಲಿತ್ತು, ಉಸಿರಾಟದ ತೊಂದರೆ ತೀವ್ರವಾಗಿತ್ತು ಮತ್ತು ಮೂತ್ರಪಿಂಡಗಳು ರಕ್ತ ಸೋಸುವ ಸಾಮರ್ಥ್ಯ ಕುಗ್ಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಅದು ಕೇವಲ ಜೊತೆಗಾರಿಕೆಯ ಲೆಕ್ಕವಾಗುತ್ತಿತ್ತು. ಕಾಯಿಲೆ ಜೋರಾಗಿದ್ದಾಗ ಎಲ್ಲವೂ ಜೋರಾಗಿಯೇ ಇರುತ್ತದೆ. ತಂಡ ಒಂದು ಹೆಜ್ಜೆ ಮುಂದೆ ಹೋಗಿ, ರೋಗಿಗಳ ಸೀರಮ್‌ನಿಂದ ಐಜಿಜಿ ವರ್ಗದ ಪ್ರತಿಕಾಯಗಳನ್ನಷ್ಟೇ ಬೇರ್ಪಡಿಸಿತು. ಆ ಪ್ರತಿಕಾಯಗಳನ್ನು ಆರೋಗ್ಯವಂತರಿಂದ ಪಡೆದ ನ್ಯೂಟ್ರೋಫಿಲ್‌ಗಳ ಜೊತೆ ಇಟ್ಟಾಗ ಅವು ಡಿಎನ್ಎ ಬಲೆಗಳನ್ನು ಬೀಸತೊಡಗಿದವು. ಬಳಿಕ ಅದೇ ಪ್ರತಿಕಾಯಗಳನ್ನು ಇಲಿಗಳ ರಕ್ತಕ್ಕೆ ಸೇರಿಸಿ, ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ಅಭಿಧಮನಿಯಲ್ಲಿ ಏನಾಗುತ್ತದೆ ಎಂದು ನೋಡಿದರು. ಹೆಪ್ಪು ಪ್ರಚೋದಿಸುವ ಎರಡು ಬೇರೆಬೇರೆ ವಿಧಾನಗಳಲ್ಲಿಯೂ ರೋಗಿಗಳ ಪ್ರತಿಕಾಯ ಪಡೆದ ಇಲಿಗಳಲ್ಲಿ ಹೆಪ್ಪು ಬೇಗ ಬೆಳೆಯಿತು, ಆರೋಗ್ಯವಂತರ ಪ್ರತಿಕಾಯ ಪಡೆದ ಇಲಿಗಳಲ್ಲಿ ಹಾಗಾಗಲಿಲ್ಲ. ಆ ಇಲಿಗಳಿಗೆ ವೈರಸ್ ತಗುಲಿರಲಿಲ್ಲ, ಜ್ವರವಿರಲಿಲ್ಲ, ಅವುಗಳ ಶ್ವಾಸಕೋಶ ಚೆನ್ನಾಗಿತ್ತು. ಮನುಷ್ಯನಿಂದ ಇಲಿಗೆ ದಾಟಿದ್ದು ಪ್ರತಿಕಾಯವೊಂದೇ. ಈ ಪ್ರಯೋಗದ ಬಲ ಇರುವುದು ಇಲ್ಲಿ: ಪ್ರತಿಕಾಯ ಹೆಪ್ಪಿಗೆ ಸಾಕ್ಷಿಯಾಗಿ ನಿಂತಿರುವುದಷ್ಟೇ ಅಲ್ಲ, ಅದಕ್ಕೆ ಕೈಜೋಡಿಸಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ.

ಕೈಜೋಡಿಸಬಲ್ಲದು ಎಂಬುದಕ್ಕೂ ರೋಗಿಯ ದೇಹದಲ್ಲಿ ನಿಜವಾಗಿ ಕೈಜೋಡಿಸಿದೆ ಎಂಬುದಕ್ಕೂ ಅಂತರವಿದೆ. ಮುಂದಿನ ತಿಂಗಳುಗಳಲ್ಲಿ ಬಂದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಸ್ಪತ್ರೆಯಲ್ಲಿದ್ದ ಕೋವಿಡ್ ರೋಗಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಲ್ಲಿ ಈ ಪ್ರತಿಕಾಯಗಳು ಇದ್ದದ್ದು ಹೌದು, ಆದರೆ ಪ್ರತಿಕಾಯ ಇದ್ದವರಿಗೂ ಇಲ್ಲದವರಿಗೂ ಹೆಪ್ಪಿನ ತೊಡಕುಗಳ ಪ್ರಮಾಣದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಹಲವು ಕಾರಣಗಳಿರಬಹುದು. ಕೋವಿಡ್ ರೋಗಿಗಳಲ್ಲಿ ಕಂಡ ಪ್ರತಿಕಾಯಗಳು ಬಹುಪಾಲು ಕಡಿಮೆ ಪ್ರಮಾಣದವು. ಹಲವರಲ್ಲಿ ಐಜಿಜಿಗಿಂತ ಐಜಿಎಂ ವರ್ಗದವು, ಇವುಗಳಿಗೂ ಹೆಪ್ಪಿಗೂ ಇರುವ ನಂಟು ಮೊದಲಿನಿಂದಲೂ ಸಡಿಲ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್‌ನಲ್ಲಿ ಅತಿ ಹೆಚ್ಚು ಅಪಾಯ ಇರುವುದು ಮೂರೂ ಬಗೆಯ ಪರೀಕ್ಷೆಗಳು ಪಾಸಿಟಿವ್ ಆದವರಿಗೆ, ಕೋವಿಡ್‌ನಲ್ಲಿ ಅಂಥವರು ವಿರಳ.

ಅಳತೆಯಲ್ಲಿಯೇ ತೊಡಕಿದೆ ಎಂಬುದನ್ನೂ ಇಲ್ಲಿ ಹೇಳಬೇಕು. ತೀವ್ರ ಉರಿಯೂತದಲ್ಲಿ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು ಭಾರೀ ಪ್ರಮಾಣದಲ್ಲಿ ಹೊರಬಿಡುತ್ತದೆ, ಮತ್ತು ಅದಕ್ಕೂ ಫಾಸ್ಫೋಲಿಪಿಡ್‌ಗೆ ಅಂಟಿಕೊಳ್ಳುವ ಗುಣವಿದೆ. ಲೂಪಸ್ ಆಂಟಿಕೊಯಾಗುಲೆಂಟ್ ಪರೀಕ್ಷೆಗೆ ಬಳಸುವ ಕೆಲವು ರಾಸಾಯನಿಕಗಳಲ್ಲಿ ಈ ಪ್ರೋಟೀನ್ ಪ್ರತಿಕಾಯದ ವೇಷ ಹಾಕಿ ಪರೀಕ್ಷೆಯನ್ನು ಪಾಸಿಟಿವ್ ಮಾಡಬಲ್ಲದು. ಹೆಪಾರಿನ್ ಎಂಬ ಹೆಪ್ಪು ತಡೆಯುವ ಔಷಧ ಪಡೆಯುತ್ತಿರುವ ರೋಗಿಯ ರಕ್ತದಲ್ಲಿಯೂ ಇದೇ ಗೊಂದಲ. ಪರೀಕ್ಷೆಯ ದ್ರವದಲ್ಲಿ ಹೆಪಾರಿನ್ ನಿಷ್ಕ್ರಿಯಗೊಳಿಸುವ ವಸ್ತು ಇದ್ದರೂ ಅದಕ್ಕೊಂದು ಮಿತಿ ಇದೆ. ಕೋವಿಡ್ ವಾರ್ಡಿನ ರೋಗಿಗೆ ಜ್ವರವೂ ಇತ್ತು, ಉರಿಯೂತವೂ ಇತ್ತು, ಹೆಪಾರಿನ್ ಕೂಡ ಇತ್ತು. ಇಂಥ ಹೊತ್ತಿನಲ್ಲಿ ತೆಗೆದ ರಕ್ತದ ವರದಿಯನ್ನು ಅಕ್ಷರಶಃ ನಂಬುವುದು, ಅಲುಗಾಡುವ ತಕ್ಕಡಿಯಲ್ಲಿ ತೂಗಿದ್ದನ್ನು ಲೆಕ್ಕಕ್ಕೆ ಹಿಡಿದಂತೆ.

ವೈರಸ್ ಸೋಂಕು ಇಂಥ ಪ್ರತಿಕಾಯಗಳನ್ನು ಏಕೆ ಹುಟ್ಟಿಸುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ವೈರಸ್ಸಿನ ಪ್ರೋಟೀನಿನ ಒಂದು ತುಣುಕು ದೇಹದ ಪ್ರೋಟೀನಿನ ತುಣುಕನ್ನು ಹೋಲುವುದರಿಂದ ಪ್ರತಿಕಾಯಕ್ಕೆ ಗುರುತು ತಪ್ಪಬಹುದು. ಸೋಂಕಿನಿಂದ ಅಪಾರ ಸಂಖ್ಯೆಯಲ್ಲಿ ಜೀವಕೋಶಗಳು ಸತ್ತಾಗ ಸಾಮಾನ್ಯವಾಗಿ ಒಳಗಿರುವ ಫಾಸ್ಫೋಲಿಪಿಡ್ ರೋಗನಿರೋಧಕ ಕಣಗಳ ಕಣ್ಣಿಗೆ ಬೀಳುತ್ತದೆ. ಮೂರನೆಯ ಸಾಧ್ಯತೆ ಹೆಚ್ಚು ಆಸಕ್ತಿಯದು: ಪ್ರತಿಕಾಯ ತಯಾರಿಸುವ ಬಿ-ಕಣಗಳು ಸಾಮಾನ್ಯವಾಗಿ ದುಗ್ಧಗ್ರಂಥಿಗಳೊಳಗಿನ ನಿರ್ದಿಷ್ಟ ಕೇಂದ್ರಗಳಲ್ಲಿ ಪಳಗಿ, ಸ್ವಂತ ಅಂಗಾಂಶವನ್ನು ಗುರಿಯಾಗಿಸುವಂಥವು ಅಲ್ಲಿಯೇ ಜರಡಿಯಾಗಿ ಹೋಗುತ್ತವೆ. ತೀವ್ರ ಕೋವಿಡ್‌ನಲ್ಲಿ ಆ ಕೇಂದ್ರಗಳನ್ನು ಹಾದುಹೋಗದೆ ಅವಸರದಲ್ಲಿ ತಯಾರಾಗುವ ಬಿ-ಕಣಗಳ ದಂಡು ಹೆಚ್ಚುತ್ತದೆ, ಮತ್ತು ಆ ಚಿತ್ರ ಲೂಪಸ್ ರೋಗಿಗಳಲ್ಲಿ ಕಾಣುವುದನ್ನು ಹೋಲುತ್ತದೆ ಎಂಬುದು 2020ರಲ್ಲಿ ವರದಿಯಾಯಿತು. ಜರಡಿ ಹಿಡಿಯಲು ಪುರಸೊತ್ತಿಲ್ಲದಾಗ ಹೊಟ್ಟೂ ಕಾಳಿನ ಜೊತೆ ಸೇರುತ್ತದೆ.

ಕೋವಿಡ್‌ಗೆ ಮುಂಚೆಯೂ ಎಚ್ಐವಿ, ಹೆಪಟೈಟಿಸ್-ಸಿ, ಪಾರ್ವೊವೈರಸ್ ಬಿ-19 ಮುಂತಾದ ಸೋಂಕುಗಳಲ್ಲಿ ಈ ಪ್ರತಿಕಾಯಗಳು ಕಂಡಿದ್ದವು. ಅವುಗಳಲ್ಲಿ ಬಹುತೇಕ ಪ್ರತಿಕಾಯಗಳು ಬೀಟಾ-2 ಪ್ರೋಟೀನಿನ ನೆರವಿಲ್ಲದೆ ನೇರವಾಗಿ ಕೊಬ್ಬಿಗೆ ಅಂಟುವಂಥವು, ತಾತ್ಕಾಲಿಕವಾದವು, ನಿರುಪದ್ರವಿಗಳು. ಆದರೆ ಸೋಂಕಿನ ನಡುವೆ ಹುಟ್ಟಿದ ಸ್ವಪ್ರತಿಕಾಯ ಹೆಪ್ಪಿಗೆ ನೇರ ಕಾರಣವಾದ ಉದಾಹರಣೆಗಳೂ ಇವೆ. ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಬಳಿಕ ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಹೆಪ್ಪನ್ನು ಹದ್ದುಬಸ್ತಿನಲ್ಲಿಡುವ ಪ್ರೋಟೀನ್-ಎಸ್ ವಿರುದ್ಧ ಪ್ರತಿಕಾಯ ಹುಟ್ಟಿ, ಚರ್ಮದ ರಕ್ತನಾಳಗಳು ಮುಚ್ಚಿ, ಚರ್ಮ ಕಪ್ಪಾಗುವ ಭೀಕರ ಸ್ಥಿತಿ ಉಂಟಾಗುತ್ತದೆ. 2021ರಲ್ಲಿ ಅಡಿನೊವೈರಸ್ ಆಧಾರಿತ ಲಸಿಕೆಗಳ ನಂತರ ಬಹಳ ವಿರಳವಾಗಿ ಕಂಡ ಹೆಪ್ಪಿನ ಕಾಯಿಲೆಯಲ್ಲಿ ಪಿಎಫ್-4 ಎಂಬ ಪ್ಲೇಟ್‌ಲೆಟ್ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಕಾರಣವೆಂದು ತಿಳಿಯಿತು. 2023ರಲ್ಲಿ ಸಹಜವಾದ ಅಡಿನೊವೈರಸ್ ಸೋಂಕಿನ ಬಳಿಕವೂ ಅಂಥದೇ ಪ್ರತಿಕಾಯ, ಅಂಥದೇ ಹೆಪ್ಪು ವರದಿಯಾಯಿತು. ಇವುಗಳಲ್ಲಿ ಪ್ರತಿಕಾಯ ಸಿಕ್ಕ ರೋಗಿಗಳು ಕೆಲವೇ ಮಂದಿ, ಆದರೆ ಸಿಕ್ಕವರಲ್ಲಿ ಕಾರ್ಯಕಾರಣ ನಿಚ್ಚಳ. ಕೋವಿಡ್‌ನ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳದ್ದು ಇದಕ್ಕೆ ತದ್ವಿರುದ್ಧ: ಸಿಕ್ಕವರು ಲೆಕ್ಕವಿಲ್ಲದಷ್ಟು, ಕಾರ್ಯಕಾರಣ ಮಸುಕು.

ಚಿಕಿತ್ಸೆಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ, ಆದರೆ ಮುಖ್ಯವಾದದ್ದು. ಲಂಡನ್ನಿನ ತಂಡ ತನ್ನ ಸಹೋದ್ಯೋಗಿಗಳಿಗೆ ಕೊಟ್ಟ ಸಲಹೆ, ಎಪಿಟಿಟಿ ಉದ್ದವಾಗಿದೆ ಎಂಬ ಒಂದೇ ಕಾರಣಕ್ಕೆ ಹೆಪ್ಪು ತಡೆಯುವ ಔಷಧವನ್ನು ತಡೆಹಿಡಿಯಬೇಡಿ ಎಂಬುದು. ಲೂಪಸ್ ಆಂಟಿಕೊಯಾಗುಲೆಂಟ್ ಇರುವ ರೋಗಿಗೆ ಹೆಪಾರಿನ್ ಕೊಡುವಾಗ ಎಪಿಟಿಟಿ ನೋಡಿ ಪ್ರಮಾಣ ನಿರ್ಧರಿಸಿದರೂ ದಾರಿ ತಪ್ಪುತ್ತದೆ, ಏಕೆಂದರೆ ಸಮಯ ಮೊದಲೇ ಉದ್ದವಾಗಿರುತ್ತದೆ. ಅಲ್ಲಿ ಆಂಟಿ-ಟೆನ್-ಎ ಎಂಬ, ಫಾಸ್ಫೋಲಿಪಿಡ್ ಅನ್ನು ಅವಲಂಬಿಸದ ಪರೀಕ್ಷೆ ನೆರವಿಗೆ ಬರುತ್ತದೆ. ಕೋವಿಡ್ ರೋಗಿಗಳಿಗೆ ಹೆಪಾರಿನ್ ಎಷ್ಟು ಕೊಡಬೇಕೆಂಬುದನ್ನು ತೀರ್ಮಾನಿಸಿದ್ದು ಪ್ರತಿಕಾಯಗಳ ಪರೀಕ್ಷೆಯಲ್ಲ, 2021ರಲ್ಲಿ ಪ್ರಕಟವಾದ ದೊಡ್ಡ ಬಹುರಾಷ್ಟ್ರೀಯ ಪ್ರಯೋಗಗಳು. ಆಸ್ಪತ್ರೆಯಲ್ಲಿದ್ದರೂ ಸ್ಥಿತಿ ವಿಷಮಿಸದ 2,200ಕ್ಕೂ ಹೆಚ್ಚು ರೋಗಿಗಳಲ್ಲಿ ಪೂರ್ಣ ಪ್ರಮಾಣದ ಹೆಪಾರಿನ್ ಪ್ರಯೋಜನಕ್ಕೆ ಬಂದಿತು. ಆಗಲೇ ವಿಷಮ ಸ್ಥಿತಿಗೆ ತಲುಪಿದ್ದ ಸುಮಾರು 1,100 ರೋಗಿಗಳಲ್ಲಿ ಅದರಿಂದ ಲಾಭವಾಗಲಿಲ್ಲ. ಹೆಪ್ಪು ಒಮ್ಮೆ ಉರಿಯೂತದೊಂದಿಗೆ ಹೆಣೆದುಕೊಂಡ ಮೇಲೆ ಹೆಪಾರಿನ್ ಒಂದರಿಂದಲೇ ಅದನ್ನು ಬಿಡಿಸುವುದು ಕಷ್ಟ ಎಂಬ ಊಹೆಗೆ ಇದು ಪುಷ್ಟಿ ಕೊಡುತ್ತದೆ.

ಪ್ರತಿಕಾಯದ ವರದಿ ಕೈಯಲ್ಲಿ ಹಿಡಿದು ಮನೆಗೆ ಹೋದ ರೋಗಿಯ ಪ್ರಶ್ನೆ ಬೇರೆಯದು: ನನಗೆ ಇನ್ನು ಜೀವನಪೂರ್ತಿ ಹೆಪ್ಪಿನ ಕಾಯಿಲೆಯೇ? ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂದು ಗುರುತಿಸಲು 1999ರಲ್ಲಿ ಪ್ರಕಟವಾದ ಮಾನದಂಡ ಈ ಪ್ರತಿಕಾಯಗಳು ಕನಿಷ್ಠ ಆರು ವಾರಗಳ ಅಂತರದಲ್ಲಿ ಎರಡು ಸಲ ಕಂಡಿರಬೇಕು ಎಂದಿತ್ತು. 2006ರ ಪರಿಷ್ಕರಣೆಯಲ್ಲಿ ಆ ಅಂತರವನ್ನು 12 ವಾರಗಳಿಗೆ ಹಿಗ್ಗಿಸಲಾಯಿತು, ಸೋಂಕಿನ ಬೆನ್ನಿಗೆ ಬಂದು ಹೋಗುವ ಪ್ರತಿಕಾಯಗಳನ್ನು ಕಾಯಿಲೆಯೆಂದು ಎಣಿಸುವ ತಪ್ಪು ಆಗದಿರಲಿ ಎಂದು. ಐಜಿಜಿ ಪ್ರತಿಕಾಯದ ಪ್ರಮಾಣ ರಕ್ತದಲ್ಲಿ ಸುಮಾರು ಮೂರು ವಾರಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಸೋಂಕು ವಾಸಿಯಾದ ಮೇಲೆ ಹೊಸದಾಗಿ ಹುಟ್ಟದಿದ್ದರೆ 12 ವಾರಗಳಲ್ಲಿ ಅದು ನಾಲ್ಕು ಸಲ ಅರ್ಧವಾಗಿ, ಮೊದಲಿದ್ದುದರ ಹದಿನಾರನೆಯ ಒಂದು ಭಾಗಕ್ಕೆ ಬರಬೇಕು. ಕೋವಿಡ್‌ನ ನಂತರ ಮರುಪರೀಕ್ಷೆ ಮಾಡಿಸಿಕೊಂಡ ಹೆಚ್ಚಿನವರಲ್ಲಿ ಲೂಪಸ್ ಆಂಟಿಕೊಯಾಗುಲೆಂಟ್ ಮಾಯವಾಗಿತ್ತು. ಉಳಿದವರಲ್ಲಿ, ಅಂದರೆ ಮೂರು ತಿಂಗಳ ಮೇಲೂ ಹೆಚ್ಚಿನ ಪ್ರಮಾಣದಲ್ಲಿ ಪ್ರತಿಕಾಯ ಇರುವವರಲ್ಲಿ, ಜೊತೆಗೆ ಹೆಪ್ಪೂ ಆಗಿದ್ದರೆ, ಅದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂದೇ ಪರಿಗಣಿಸಿ ದೀರ್ಘಕಾಲದ ಚಿಕಿತ್ಸೆ ಯೋಚಿಸುತ್ತಾರೆ. ಅಲ್ಲಿ ಔಷಧದ ಆಯ್ಕೆಯೂ ಬದಲಾಗುತ್ತದೆ: ಮೂರೂ ಪರೀಕ್ಷೆಗಳು ಪಾಸಿಟಿವ್ ಆದವರಲ್ಲಿ ಹೆಪ್ಪು ತಡೆಯುವ ಹೊಸ ಮಾತ್ರೆ ರಿವರಾಕ್ಸಬಾನ್ ಮತ್ತು ಹಳೆಯ ವಾರ್ಫರಿನ್ ಎರಡನ್ನೂ ಹೋಲಿಸಿದ, 2018ರಲ್ಲಿ ಪ್ರಕಟವಾದ ಪ್ರಯೋಗವನ್ನು ರಿವರಾಕ್ಸಬಾನ್ ಪಡೆದವರಲ್ಲಿ ತೊಡಕುಗಳು ಹೆಚ್ಚಿದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಹಾಗಾಗಿ ವೈದ್ಯರು ಮಾತ್ರೆ ಬರೆಯುವ ಮುನ್ನ ಕೇಳುವ ಪ್ರಶ್ನೆ, ಮೊದಲ ರಕ್ತ ತೆಗೆದ ದಿನಾಂಕ ಯಾವುದು ಮತ್ತು ಆ ದಿನ ರೋಗಿಗೆ ಜ್ವರವಿತ್ತೇ, ಹೆಪಾರಿನ್ ನಡೆಯುತ್ತಿತ್ತೇ ಎಂಬುದು. ಡಿಸ್ಚಾರ್ಜ್ ಕಾಗದದಲ್ಲಿ ಈ ಮೂರು ವಿವರಗಳು ಇಲ್ಲದಿದ್ದರೆ ಎರಡನೆಯ ವರದಿಯನ್ನು ಯಾವುದರ ಜೊತೆಗೂ ಹೋಲಿಸಲು ಬರುವುದಿಲ್ಲ.